ಹಾಯಿ ಇಳಿಸುವವರ ಚರಿತ್ರೆ

ಕಳೆದ ಜುಲೈನ ಒಂದು ಮಧ್ಯಾಹ್ನ, ಓಕ್ಲೆಂಡ್ ಬಂದರಿನ ಕಾಲುವೆಯ ಬಾಯಲ್ಲಿ ನಮ್ಮ ದೋಣಿಯ ದೊಡ್ಡ ಹಾಯಿ ಅರ್ಧಕ್ಕೆ ನಿಂತುಬಿಟ್ಟಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಬೇಸಿಗೆ ಗಾಳಿಗೆ ಆಫೀಸಿನ ಹಾಗೆ ಟೈಮಿಂಗ್ ಇದೆ. ಒಳನಾಡಿನ ಕಣಿವೆ ಕಾದ ಮೇಲೆ ಸಮುದ್ರದ ತಣ್ಣನೆ ಗಾಳಿ ಗೋಲ್ಡನ್ ಗೇಟ್ ಸಂದಿಯಿಂದ ಒಳಗೆ ನುಗ್ಗುತ್ತದೆ. ಮೂರು ಗಂಟೆಗೆಲ್ಲ ಇಪ್ಪತ್ತು ನಾಟ್ ಮಾಮೂಲು. ಭಾವ ತೆವಳಿಕೊಂಡು ಹಾಯಿಕಂಬದ ಬುಡಕ್ಕೆ ಹೋಗಿ ಎರಡೂ ಕೈಯಲ್ಲಿ ಬಟ್ಟೆ ಜಗ್ಗುತ್ತಿದ್ದರು. ಅವರಿಗೆ ಐವತ್ತೆಂಟು, ಒಂದು ಮಂಡಿ ಆಪರೇಷನ್ ಆಗಿದೆ. ಎದುರಿಗೆ ಟಗ್‌ಗಳ ಜೊತೆ ಒಂದು ಕಂಟೇನರ್ ಹಡಗು ಬರುತ್ತಿತ್ತು. ಐದು ಸಲ ಗಿಡ್ಡ ಹಾರ್ನ್ ಹೊಡೆಯಿತು. ಅಂದರೆ, ಅಪಾಯ, ನೀನೇನು ಮಾಡ್ತಿದ್ದೀಯ ಗೊತ್ತಾಗ್ತಿಲ್ಲ ಅಂತ. ನಮಗೂ ಗೊತ್ತಿರಲಿಲ್ಲ.

"ಭಾವ, ಬಿಟ್ಟು ಬನ್ನಿ ಈಚೆ!"

"ನೀ ಗಾಳಿಗೆ ಮುಖ ಮಾಡಿ ಹಿಡಿಯೋ ಮಾರಾಯ!"

ಹೇಗೋ ಬಚಾವಾದೆವು. ಅಕ್ಕನಿಗೆ ಈ ಪ್ರಸಂಗ ಇನ್ನೂ ಹೇಳಿಲ್ಲ. ಈ ಪುಸ್ತಕ ಅವಳ ಕೈಗೆ ಸಿಕ್ಕರೆ ನನ್ನ ಕಥೆ ಮುಗೀತು.

ದೋಣಿ 1970ರ ದಶಕದ್ದು. ಅಲ್ಯುಮಿನಿಯಂ ಕಂಬದ ಬೆನ್ನಿಗೆ ಉದ್ದಕ್ಕೂ ಒಂದು ಸೀಳು, ಅದರೊಳಗೆ ಜಾರುವ ಪ್ಲಾಸ್ಟಿಕ್ ಗುಬ್ಬಿಗಳು, ಆ ಗುಬ್ಬಿಗಳಿಗೆ ಹೊಲಿದ ಹಾಯಿ. ಬೆಂಗಳೂರಲ್ಲಿ ಮನೆ ಇಂಟೀರಿಯರ್ ಮಾಡಿಸಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಹಳೇ ಮರದ ಡ್ರಾಯರನ್ನು ಒಂದು ಮೂಲೆ ಹಿಡಿದು ಎಳೆದರೆ ವಾರೆಯಾಗಿ ಕಚ್ಚಿಕೊಳ್ಳುತ್ತದಲ್ಲ, ಹಾಗೇ. ಗಾಳಿ ಹಾಯಿಯನ್ನು ಪಕ್ಕಕ್ಕೆಳೆದಾಗ ಪ್ರತಿ ಗುಬ್ಬಿಯೂ ವಾರೆಯಾಗುತ್ತದೆ. "ಚಾನೆಲ್ ಹಾಕ್ಲಾ ಸಾರ್?" ಅಂತ ಕಾರ್ಪೆಂಟರ್ ಕೇಳುವ ಪ್ರಶ್ನೆಯನ್ನೇ ನಾವೂ ಕೇಳಿಕೊಂಡೆವು. ಕಂಬಕ್ಕೆ ಹೊಸ ಟ್ರ್ಯಾಕ್ ಹಾಕಿಸೋಣವಾ?

ಪಾರ್ಸೆಲ್ ಬರುವವರೆಗೆ ನಾನು ಕುತೂಹಲಕ್ಕೆ ಇದರ ಚರಿತ್ರೆ ಓದತೊಡಗಿದೆ. ಹಾಯಿ ಏರಿಸುವುದು ಯಾವ ಕಾಲದಲ್ಲೂ ಅಷ್ಟು ದೊಡ್ಡ ಸಮಸ್ಯೆಯಾಗಿರಲಿಲ್ಲ. ಅದಕ್ಕೆ ಪುರುಸೊತ್ತಿರುತ್ತದೆ, ಹವಾ ನೋಡಿಕೊಂಡು ಏರಿಸಬಹುದು. ಇಳಿಸುವ ಹೊತ್ತನ್ನು ಮಾತ್ರ ಗಾಳಿಯೇ ಗೊತ್ತುಮಾಡುತ್ತದೆ.

ಹೊನ್ನಾವರದವರಾದ ಭಾವ ಹೇಳುವುದು, "ನಮ್ಮ ಕಡೆ ಪತ್ತೇಮಾರಿಗಳಿಗೆ ಈ ತಾಪತ್ರಯ ಇರ್ಲಿಲ್ಲ." ನಿಜವೇ. ಅರಬ್ಬೀ ಸಮುದ್ರದ ಹಾಯಿಗಳು ಒಂದು ಓರೆಯಾದ ಉದ್ದ ಅಡ್ಡಮರಕ್ಕೆ ಕಟ್ಟಿದವು. ಮರ ಇಳಿಸಿದರೆ ಹಾಯಿಯೂ ಇಳಿಯಿತು. ಆದರೆ ಆ ಮರ ಎತ್ತಿ ಇಳಿಸಲು ಆಳುಗಳ ದಂಡೇ ಬೇಕು. ನಾವಿದ್ದದ್ದು ಇಬ್ಬರು, ಅದರಲ್ಲೊಬ್ಬನಿಗೆ ಗಾಳಿ ಯಾವ ಕಡೆಯಿಂದ ಅಂತಲೇ ಅನುಮಾನ.

ಯುರೋಪಿನ ಹಳೆಯ ಗ್ಯಾಫ್ ಹಾಯಿಯಲ್ಲೂ ಮೇಲಂಚಿಗೆ ಒಂದು ಭಾರದ ಮರ ಇರುತ್ತಿತ್ತು. ಅದಕ್ಕೇ ಗ್ಯಾಫ್ ಅನ್ನುವುದು. ಹಾಯಿಯ ಮುಂದಿನ ಅಂಚನ್ನು ಕಂಬದ ಸುತ್ತ ದೊಡ್ಡ ಮರದ ಬಳೆಗಳು ಹಿಡಿದಿರುತ್ತಿದ್ದವು. ಹಗ್ಗ ಬಿಟ್ಟರೆ ಮರದ ಭಾರಕ್ಕೆ ಬಳೆಗಳು ದಡದಡ ಕೆಳಗೆ. ಇಳಿಸುವುದಕ್ಕೆ ಇದು ಒಳ್ಳೆಯ ಏರ್ಪಾಡು. ಆದರೆ ಆ ಭಾರವೇ ಕೊಲ್ಲಲೂಬಲ್ಲದು. ಎರಿಕ್ ತಬಾರ್ಲಿ ಫ್ರಾನ್ಸಿನ ಮಹಾ ನಾವಿಕ, ಅಟ್ಲಾಂಟಿಕ್ ದಾಟುವ ಒಂಟಿ ರೇಸನ್ನು 1964 ಮತ್ತು 1976ರಲ್ಲಿ ಗೆದ್ದವರು. 1998ರ ಜೂನ್‌ನಲ್ಲಿ, ಐರಿಶ್ ಸಮುದ್ರದ ಒಂದು ರಾತ್ರಿ, ನೂರು ವರ್ಷ ತುಂಬಿದ ತಮ್ಮ ಪೆನ್ ಡುಯಿಕ್ ದೋಣಿಯಲ್ಲಿ ದೊಡ್ಡ ಹಾಯಿ ಇಳಿಸಿ ಚಿಕ್ಕದನ್ನು ಕಟ್ಟುವ ಕೆಲಸದಲ್ಲಿದ್ದಾಗ ಗ್ಯಾಫ್ ಬಡಿದು ನೀರಿಗೆ ಬಿದ್ದರು. ಸೊಂಟಕ್ಕೆ ಕಟ್ಟಿಕೊಳ್ಳುವ ಹಗ್ಗ ಇರಲಿಲ್ಲ, ಲೈಫ್ ಜಾಕೆಟ್ ಇರಲಿಲ್ಲ. ಅರವತ್ತಾರು ವಯಸ್ಸು, ಜೀವಮಾನವಿಡೀ ಮಾಡಿದ ಕೆಲಸ. ಇದನ್ನು ಓದಿದ ರಾತ್ರಿ ನಾನು ಭಾವನ ಮಂಡಿಯ ಬಗ್ಗೆ ಬಹಳ ಹೊತ್ತು ಯೋಚಿಸಿದೆ.

ಇಪ್ಪತ್ತನೇ ಶತಮಾನ ಆ ಮರವನ್ನೇ ಕಿತ್ತುಹಾಕಿತು. ಎತ್ತರದ ಕಂಬಕ್ಕೆ ಉದ್ದನೆಯ ತ್ರಿಕೋನ ಹಾಯಿ ಬಂತು. ಸುತ್ತ ತಂತಿಗಳಿಂದ ಬಿಗಿದ ಆ ಕಂಬ ರೇಡಿಯೋ ಟವರಿನ ಹಾಗೆ ಕಂಡಿದ್ದರಿಂದ ಜನ ಅದನ್ನು ಮಾರ್ಕೋನಿ ರಿಗ್ ಎಂದರು. ಅಮೆರಿಕಾಸ್ ಕಪ್‌ನಲ್ಲಿ 1920ರ ದೋಣಿಗಳಿಗೆ ಇನ್ನೂ ಗ್ಯಾಫ್ ಇತ್ತು; 1930ರಲ್ಲಿ ಗೆದ್ದ ಎಂಟರ್‌ಪ್ರೈಸ್‌ಗೆ ಡ್ಯೂರಾಲ್ಯುಮಿನ್ ಲೋಹದ ಕಂಬ, ತ್ರಿಕೋನ ಹಾಯಿ. ವೇಗ ಸಿಕ್ಕಿತು. ಆದರೆ ತಂತಿಗಳೂ ಅವನ್ನು ದೂರ ಹಿಡಿಯುವ ಅಡ್ಡಕೋಲುಗಳೂ ಕಂಬದ ನಡುವೆಯೇ ಬಂದು ಸೇರುವುದರಿಂದ ಬಳೆಗಳು ಅವನ್ನು ದಾಟಲಾರವು. ಹಾಗಾಗಿ ಕಂಬದ ಬೆನ್ನಿಗೆ ಹಳಿ ಬಂತು, ಹಳಿಯ ಮೇಲೆ ಜಾರುವ ಲೋಹದ ತುಂಡುಗಳು ಬಂದವು. ಕೆಳಗೆಳೆಯುವ ಭಾರವಂತೂ ಹೋಗಿಯೇ ಹೋಗಿತ್ತು. ನಮ್ಮ ಜುಲೈ ಮಧ್ಯಾಹ್ನದ ಮೂಲ ಇಲ್ಲಿದೆ.

ಇದಕ್ಕೆ ಬೇರೆಯೇ ಉತ್ತರ ಕೊಟ್ಟವರು ಬ್ಲಾಂಡಿ ಹ್ಯಾಸ್ಲರ್, ಎರಡನೇ ಮಹಾಯುದ್ಧದಲ್ಲಿ ಪುಟ್ಟ ದೋಣಿಗಳಲ್ಲಿ ಹೋಗಿ ಬೋರ್ಡೋ ಬಂದರಿನ ಹಡಗುಗಳಿಗೆ ಸ್ಫೋಟಕ ಇಟ್ಟ ಇಂಗ್ಲಿಷ್ ಅಧಿಕಾರಿ. 1960ರ ಮೊದಲ ಒಂಟಿ ಅಟ್ಲಾಂಟಿಕ್ ರೇಸಿಗೆ ಅವರು ತಮ್ಮ ಜೆಸ್ಟರ್ ದೋಣಿಗೆ ಚೀನೀ ಜಂಕ್ ಹಾಯಿ ಕಟ್ಟಿದರು. ಅದರಲ್ಲಿ ಅಂಚಿನಿಂದ ಅಂಚಿಗೆ ಅಡ್ಡ ಕಡ್ಡಿಗಳು. ಹಗ್ಗ ಬಿಟ್ಟರೆ ಕಿಟಕಿಯ ಬ್ಲೈಂಡ್ಸ್ ಹಾಗೆ ಮಡಿಸಿಕೊಂಡು ಬೀಳುತ್ತದೆ. ಡೆಕ್ಕಿಗೆ ಹೋಗುವುದೇ ಬೇಡ, ಕ್ಯಾಬಿನ್ ಕಿಂಡಿಯಲ್ಲಿ ನಿಂತು ಎಳೆದರಾಯಿತು. 40 ದಿನಗಳಲ್ಲಿ ದಾಟಿದ ಫ್ರಾನ್ಸಿಸ್ ಚಿಚೆಸ್ಟರ್ ಮೊದಲಿಗರು, 48 ದಿನಗಳ ಹ್ಯಾಸ್ಲರ್ ಎರಡನೆಯವರು. ನನ್ನ ಪ್ರಕಾರ ಬುದ್ಧಿವಂತ ಎರಡನೆಯವರೇ.

1980ರ ದಶಕದಲ್ಲಿ ಸಾಮಾನ್ಯ ಯಾಟ್‌ಗಳಿಗೂ ಪೂರ್ತಿ ಉದ್ದದ ಕಡ್ಡಿಗಳು ಬಂದವು. ಹಾಯಿ ಪಟಪಟ ಬಡಿಯುವುದಿಲ್ಲ, ಬಾಳಿಕೆ ಹೆಚ್ಚು. ಆದರೆ ಜಂಕ್ ಹಾಯಿಯ ಕಡ್ಡಿಗಳು ಕಂಬವನ್ನು ದಾಟಿ ಮುಂದಕ್ಕೂ ಚಾಚಿರುತ್ತವೆ. ಇಲ್ಲಿ ಕಡ್ಡಿಯ ತುದಿ ನೇರವಾಗಿ ಕಂಬಕ್ಕೇ ಒತ್ತುತ್ತದೆ, ಜಾರುವ ತುಂಡು ಇನ್ನೂ ಬಿಗಿಯಾಗಿ ಕಚ್ಚುತ್ತದೆ. ಆಗ ನೆರವಿಗೆ ಬಂದದ್ದು ಬಾಲ್ ಬೇರಿಂಗ್. ವಿಸ್ಕಾನ್ಸಿನ್‌ನ ಪೀಟರ್ ಮತ್ತು ಓಲಾಫ್ ಹಾರ್ಕೆನ್ ಸೋದರರು 1960ರ ದಶಕದ ಕೊನೆಯಲ್ಲಿ ದೋಣಿಯ ರಾಟೆಗಳಿಗೆ ಪ್ಲಾಸ್ಟಿಕ್ ಗುಂಡುಗಳನ್ನು ಹಾಕಿ ಹೆಸರು ಮಾಡಿದ್ದರು. ಅದೇ ಉಪಾಯ ಮುಂದೆ ಕಂಬದ ಹಳಿ ಹತ್ತಿತು. ಇದಕ್ಕಿಂತ ಅಗ್ಗದ್ದು, ಹಳೇ ಸೀಳಿನೊಳಗೇ ತೂರಿಸುವ ನುಣುಪು ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಜಾರುವ ಸ್ಟೀಲ್ ತುಂಡುಗಳು. ನಮ್ಮ ಜೇಬಿಗೆ ಹೊಂದಿದ್ದು ಅದು.

ಎರಡು ಶನಿವಾರ ಹಿಡಿಯಿತು. ಮೊದಲ ಶನಿವಾರ ಪೂರ್ತಿ ಸೀಳಿನಲ್ಲಿದ್ದ ಹಳೆಯ ಕೊಳೆ ಕೆರೆಯುವುದಕ್ಕೇ ಹೋಯಿತು. ಎರಡನೇ ಶನಿವಾರ ಪಟ್ಟಿ ತೂರಿಸಿ, ಹಾಯಿ ಏರಿಸಿ, "ಬಿಡ್ಲಾ?" ಅಂತ ಕೇಳಿ ನಾನು ಹಗ್ಗ ಬಿಟ್ಟೆ. ಭಾವ ಬುಡದಲ್ಲೇ ನಿಂತಿದ್ದರು. ಇಡೀ ಹಾಯಿ ಅವರ ತಲೆ ಮೇಲೆ ಬಂತು. ಬಟ್ಟೆಯೊಳಗಿಂದ ನಗು ಕೇಳಿಸಿತು.

ಹೊಸ ಸ್ಟೀಲ್ ತುಂಡುಗಳು ಒಂದರ ಮೇಲೊಂದು ಕೂರುವುದರಿಂದ ಇಳಿದ ಹಾಯಿಯ ರಾಶಿ ಈಗ ಮೊದಲಿಗಿಂತ ಎತ್ತರ. ಕವರ್ ಹಾಕಲು ಭಾವ ಸ್ಟೂಲ್ ಹಿಡಿದುಕೊಂಡು ಈಗಲೂ ಕಂಬದ ಬುಡಕ್ಕೆ ಹೋಗುತ್ತಾರೆ. ಅಷ್ಟರಲ್ಲಿ ದೋಣಿಯನ್ನು ದಡಕ್ಕೆ ಕಟ್ಟಿಯಾಗಿರುತ್ತದೆ.