ಕಯಾಕ್‌ವಾಹಕ ಚಾವಣಿ ಚೌಕಟ್ಟು
ಕಯಾಕೆಂಬ ಕಿರುದೋಣಿಯನ್ನು ಕಾರಿನ ನೆತ್ತಿಯ ಮೇಲೆ ಸಾಗಿಸಲು ಅಳವಡಿಸುವ ಸಾಧನ. ಎರಡು ಅಡ್ಡಪಟ್ಟಿಗಳೂ ಅವುಗಳ ಮೇಲಣ ತೊಟ್ಟಿಲುಗಳೂ ಇದರ ಪ್ರಧಾನಾಂಗಗಳು. ಆಯ್ಕೆಯಲ್ಲಿ ಪ್ರಥಮತಃ ಪರಿಶೀಲನಾರ್ಹವಾದುದು ಬೆಲೆಯಲ್ಲ, ವಾಹನದ ಕೈಪಿಡಿ ವಿಧಿಸುವ ಭಾರಮಿತಿ: ಅನೇಕ ಕಾರುಗಳಲ್ಲಿ ಅದು 75 ಕಿಲೋಗ್ರಾಮಿನಷ್ಟಿದ್ದು, ಚೌಕಟ್ಟಿನ ಸ್ವಂತ ತೂಕವೂ ಅದರೊಳಗೇ ಸೇರತಕ್ಕದ್ದಾದ ಕಾರಣ, ತಲಾ 25 ಕಿಲೋಗ್ರಾಮಿನ ಎರಡು ಪ್ಲಾಸ್ಟಿಕ್ ಕಯಾಕುಗಳನ್ನು ಏರಿಸುವಷ್ಟರಲ್ಲಿ ಆ ಮಿತಿಯು ಬಹುಮಟ್ಟಿಗೆ ತೀರಿಹೋಗುತ್ತದೆ. ಜೆ ಅಕ್ಷರದಂತೆ ಬಾಗಿದ ತೊಟ್ಟಿಲು ದೋಣಿಯನ್ನು ಓರೆಯಾಗಿ ನಿಲ್ಲಿಸಿ ಸ್ಥಳವನ್ನು ಉಳಿಸುವುದಾದರೂ, ಎತ್ತರದ ವಾಹನದ ಮೇಲೆ ಒಬ್ಬರೇ ದೋಣಿಯನ್ನು ಎತ್ತಿ ಅದರಲ್ಲಿ ಕೂರಿಸುವುದು ಪ್ರಯಾಸಕರ. ಅಡ್ಡಪಟ್ಟಿಗಳ ಅಂತರ ಹೆಚ್ಚಿದಷ್ಟೂ ದೋಣಿಯ ತೂಗಾಟ ಕುಗ್ಗುವುದು. ಮುಂತುದಿ ಹಿಂತುದಿಗಳಿಗೆ ಬಿಗಿಯುವ ಹಗ್ಗವನ್ನು ಅನಾವಶ್ಯಕವೆಂಬವರು ಹೆದ್ದಾರಿಯ ಎದುರುಗಾಳಿಯನ್ನು ಕಂಡವರಲ್ಲ. ದೋಣಿಯ ನಡುವನ್ನು ಚೌಕಟ್ಟಿಗೆ ಕಟ್ಟುವ ಪಟ್ಟಿಗಳನ್ನು ಮಾತ್ರ ಅತಿಯಾಗಿ ಬಿಗಿಯಬಾರದು, ಬಿಸಿಲಿಗೆ ಮೆದುವಾದ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ ಒಡಲು ತಗ್ಗುಬೀಳುತ್ತದೆ.