ತೋಟದ ಕೆಲಸ ಮಾಡಿಸಿದರೆ ಮಾನಸಿಕ ಕಾಯಿಲೆ ವಾಸಿಯಾಗುತ್ತದೆಯೇ?

‘ಮಾತ್ರೆ ಬಿಡಿಸಿ, ತೋಟದ ಕೆಲಸಕ್ಕೆ ಹಾಕಿ, ಎಲ್ಲಾ ಸರಿಹೋಗುತ್ತೆ’ ಅನ್ನುವ ಸಲಹೆ ವಾಟ್ಸಾಪ್‌ನಲ್ಲೂ ಸಿಗುತ್ತದೆ, ಊರಿನ ಜಗಲಿಯಲ್ಲೂ ಸಿಗುತ್ತದೆ. ಇದರಲ್ಲಿ ಅರ್ಧ ನಿಜ, ಉಳಿದರ್ಧ ಅಪಾಯ.

ಮೊದಲು ನಿಜ. ಹಂದನಕೆರೆಯಂಥ ಊರಲ್ಲಿ ತೆಂಗಿನ ತೋಟ ಮನೆ ಪಕ್ಕದಲ್ಲೇ ಇರುತ್ತದೆ. ಬಿದ್ದ ಕಾಯಿ ಆಯುವುದು, ಗರಿಯಿಂದ ಪೊರಕೆ ಕಡ್ಡಿ ತೆಗೆಯುವುದು, ದನಕ್ಕೆ ನೀರಿಡುವುದು ಅವಸರವಿಲ್ಲದ ಕೆಲಸಗಳು. ಬೆಳಗ್ಗೆ ಏಳಲು ಒಂದು ಕಾರಣ ಸಿಗುತ್ತದೆ, ನಾಲ್ಕು ಜನರ ಜೊತೆ ಮಾತೂ ಆಗುತ್ತದೆ. ನೆದರ್ಲೆಂಡ್ಸ್‌ನಲ್ಲಿ ಇದನ್ನೇ ವ್ಯವಸ್ಥೆ ಮಾಡಿಕೊಂಡಿದ್ದಾರೆ: 1998ರಲ್ಲಿ ಸುಮಾರು 75 ಆರೈಕೆ ತೋಟಗಳಿದ್ದವು, ಈಗ ಸಾವಿರ ದಾಟಿವೆ. ಅಲ್ಲಿ ರೈತರಿಗೆ ಆರೈಕೆಗೆಂದೇ ಹಣ ಸಿಗುತ್ತದೆ. ಆದರೂ 2019ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಕ್ಯಾಂಪ್‌ಬೆಲ್ ವರದಿಗೆ ಗಟ್ಟಿ ಪುರಾವೆ ಸಿಗಲಿಲ್ಲ. ಖಿನ್ನತೆ, ಆತಂಕ ತಗ್ಗಬಹುದು ಎನ್ನಲು ಅಲ್ಪಸ್ವಲ್ಪ ಸಿಕ್ಕಿತು, ಅಷ್ಟೇ.

ಮಾತ್ರೆ ಬಿಡಿಸುವ ಮಾತಿಗೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಸ್ಕಿಜೋಫ್ರೇನಿಯಾ ಇರುವವರಿಗೆ ಊರ ಹತ್ತಿರವೇ ಚಿಕಿತ್ಸೆ ಕೊಡುವ ಕೆಲಸವನ್ನು ನಿಮ್ಹಾನ್ಸ್ ತೀರ್ಥಹಳ್ಳಿಯಲ್ಲಿ ಶುರುಮಾಡಿ, ಆಮೇಲೆ ಹಂದನಕೆರೆಗೆ ದೂರವಲ್ಲದ ತುರುವೇಕೆರೆ ತಾಲ್ಲೂಕಿಗೂ ತಂದಿತು. ತೀರ್ಥಹಳ್ಳಿಯ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಔಷಧಿ ತೆಗೆದುಕೊಂಡವರ ದಿನನಿತ್ಯದ ತೊಂದರೆ ಇಳಿದಿತ್ತು. ತೆಗೆದುಕೊಳ್ಳದವರದು ಹೆಚ್ಚುಕಡಿಮೆ ಹಾಗೇ ಇತ್ತು. ಅವರೂ ಗದ್ದೆ, ತೋಟಗಳ ನಡುವೆಯೇ ಇದ್ದವರು. ತೋಟವೊಂದೇ ಸಾಕು ಅನ್ನುವವರು ಇದನ್ನು ಗಮನಿಸಬೇಕು.

ಇನ್ನು ಖರ್ಚು. ನಮ್ಮಲ್ಲಿ ಅದು ಬೀಳುವುದು ಮನೆಯವರ ಮೇಲೆ. ಜೊತೆಗಿರಲು ತಾಯಿಯೋ ಹೆಂಡತಿಯೋ ಅವತ್ತಿನ ಕೂಲಿ ಬಿಡಬೇಕು. ಕೆಲವು ಮಾತ್ರೆಗಳಿಂದ ತೂಕಡಿಕೆ ಬರುತ್ತದೆ, ಬಿಸಿಲು ತಡೆಯುವುದಿಲ್ಲ. ಲಿಥಿಯಂ ತೆಗೆದುಕೊಳ್ಳುವವರು ನೀರು ಕುಡಿಯದೆ ಬೆವರು ಸುರಿಸಿದರೆ ರಕ್ತದಲ್ಲಿ ಅದರ ಪ್ರಮಾಣ ಏರಬಹುದು. ಮೂರ್ಛೆ ರೋಗ ಇದ್ದರೆ ಮರ ಹತ್ತುವುದು, ಬಾವಿಕಟ್ಟೆ, ಮಚ್ಚು ಯಾವುದೂ ಬೇಡ. ಖಿನ್ನತೆ ಇರುವವರ ಮನೆಯಲ್ಲಿ ಕೀಟನಾಶಕಕ್ಕೆ ಬೀಗ ಹಾಕಿ, ಬೀಗದ ಕೈ ಬೇರೆಯವರ ಹತ್ತಿರ ಇರಲಿ. ಇದನ್ನು ಮಾತ್ರ ನಾಳೆಗೆ ಬಿಡಬೇಡಿ.

ಕೂಲಿಯ ಮಾತೂ ಇದೆ. ಚಿಕಿತ್ಸೆ ಕೊಡುವ ಸಂಸ್ಥೆಗಳು ಬಲವಂತವಾಗಿ ಕೆಲಸ ಮಾಡಿಸುವಂತಿಲ್ಲ, ಮಾಡಿದ ಕೆಲಸಕ್ಕೆ ತಕ್ಕ ಹಣ ಕೊಡಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಪಕ್ಕದ ತೋಟದವರು ದಿನವಿಡೀ ಕಾಯಿ ಸುಲಿಸಿ ‘ಊಟ ಹಾಕಿದ್ದೀವಲ್ಲ’ ಎಂದರೆ ಅದನ್ನು ಆರೈಕೆ ಅನ್ನಲು ನಮಗಂತೂ ಮನಸ್ಸಿಲ್ಲ. ಅದು ಬಿಟ್ಟಿ ದುಡಿಮೆ.

ಯಾರಿಗೆ ಯಾವ ಕೆಲಸ, ಎಷ್ಟು ಹೊತ್ತು ಎಂಬುದನ್ನು ಮಾತ್ರೆ ಬರೆದುಕೊಟ್ಟ ವೈದ್ಯರನ್ನೇ ಕೇಳಿ. ವೈದ್ಯರು ಸಿಗದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.