ಅಳತೆ ಬದಲಿಸಬೇಕೆ? ಸ್ಲಾಟ್ ಕಾರುಗಳ ಅರವತ್ತು ವರ್ಷಗಳ ಪ್ರಶ್ನೆ

ಚಿನ್ನಿದಾಂಡು ಆಡುವಾಗ ಚಿನ್ನಿ ಕಳೆದುಹೋದರೆ ನಾವು ಅಳುತ್ತ ಕೂರುತ್ತಿರಲಿಲ್ಲ. ಬೇಲಿಯಿಂದ ಒಂದು ಕೋಲು ಮುರಿದು, ಎರಡೂ ತುದಿ ಚೂಪು ಮಾಡಿ ಆಟ ಮುಂದುವರಿಸುತ್ತಿದ್ದೆವು. ಹೊಸ ಚಿನ್ನಿ ಒಂದು ಬೆರಳು ಉದ್ದವಾದರೂ ಯಾರೂ ಕೇಳುತ್ತಿರಲಿಲ್ಲ.

ಎಲ್ಲ ಆಟಗಳೂ ಹೀಗಲ್ಲ. ಆಟದ ಸಾಮಾನಿನ ಅಳತೆ ಬದಲಿಸಿದರೆ ಅದುವರೆಗೆ ಕೂಡಿಟ್ಟದ್ದೆಲ್ಲ ಮೂಲೆಗೆ ಹೋಗುವ ಆಟವೂ ಒಂದಿದೆ. ಅದು ಸ್ಲಾಟ್ ಕಾರ್. ಇಂಗ್ಲೆಂಡ್, ಅಮೆರಿಕ, ಜರ್ಮನಿ, ಸ್ಪೇನ್ ದೇಶಗಳಲ್ಲಿ ಮಕ್ಕಳಿಗಿಂತ ಹೆಚ್ಚಾಗಿ ದೊಡ್ಡವರೇ ಹಚ್ಚಿಕೊಂಡಿರುವ ಹವ್ಯಾಸ ಇದು. ಅವರನ್ನು ಅರವತ್ತು ವರ್ಷಗಳಿಂದ ಕಾಡುತ್ತಿರುವ ಪ್ರಶ್ನೆ ಒಂದೇ: ಈಗಿರುವ ಅಳತೆಯಲ್ಲೇ ಇರಬೇಕೆ, ಬೇರೆ ಅಳತೆಗೆ ಹೋಗಬೇಕೆ?

ಆಟಿಕೆ ಕಾರಿನ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಾ ಎಂದು ನಿಮಗೆ ಅನ್ನಿಸಬಹುದು. ನಮಗೂ ಮೊದಲು ಹಾಗೇ ಅನ್ನಿಸಿತ್ತು. ಅದರ ಇತಿಹಾಸ ಓದುತ್ತ ಹೋದಂತೆ, ಅಳತೆ ಅನ್ನುವುದು ಬರೀ ಲೆಕ್ಕದ ಸಂಖ್ಯೆಯಲ್ಲ ಎಂದು ಗೊತ್ತಾಯಿತು.

ಸೀಳಿನಲ್ಲಿ ಓಡುವ ಕಾರು

ಮೊದಲು ಆಟ ಏನೆಂದು ಹೇಳಿಬಿಡುತ್ತೇವೆ. ಟ್ರ್ಯಾಕಿನ ಮೇಲೆ ಉದ್ದಕ್ಕೂ ಒಂದು ಕಿರಿದಾದ ಸೀಳು ಇರುತ್ತದೆ. ಇಂಗ್ಲಿಷಿನಲ್ಲಿ ಅದೇ 'ಸ್ಲಾಟ್'. ಕಾರಿನ ಮುಂಭಾಗದ ಕೆಳಗೆ ಇರುವ ಸಣ್ಣ ಗೂಟ ಆ ಸೀಳಿನೊಳಗೆ ಇಳಿಯುತ್ತದೆ. ಎತ್ತಿನ ಗಾಡಿ ಹಳೆಯ ಜಾಡಿನಲ್ಲಿ ಸಾಗುವಂತೆ ಕಾರು ಸೀಳು ಹೋದ ಕಡೆ ಹೋಗುತ್ತದೆ. ಸೀಳಿನ ಎರಡೂ ಬದಿಯಲ್ಲಿ ಲೋಹದ ಪಟ್ಟಿಗಳಿದ್ದು, ಅವುಗಳಿಂದ ಕಾರಿನೊಳಗಿನ ಮೋಟಾರಿಗೆ ಕರೆಂಟ್ ಸಿಗುತ್ತದೆ.

ಆಡುವವರ ಕೈಯಲ್ಲಿ ಒಂದು ಕಂಟ್ರೋಲರ್. ಅದನ್ನು ಒತ್ತಿದಷ್ಟೂ ವೇಗ. ಸ್ಟೇರಿಂಗ್ ಇಲ್ಲ. ಹಾಗಿದ್ದ ಮೇಲೆ ಕೌಶಲ ಎಲ್ಲಿದೆ? ತಿರುವಿನಲ್ಲಿದೆ. ವೇಗ ಜಾಸ್ತಿಯಾದರೆ ಗೂಟ ಸೀಳಿನಿಂದ ಎದ್ದು ಕಾರು ಆಚೆ ಬೀಳುತ್ತದೆ. ಕಡಿಮೆಯಾದರೆ ಪಕ್ಕದವನು ಮುಂದೆ ಹೋಗುತ್ತಾನೆ. ಎಲ್ಲಿ ಬಿಡಬೇಕು, ಎಲ್ಲಿ ಒತ್ತಬೇಕು ಅನ್ನುವುದೇ ಇಡೀ ಆಟ.

ಅಡಿ, ಇಂಚಿನ ಲೆಕ್ಕ

ನಿಜವಾದ ಕಾರನ್ನು ಎಷ್ಟು ಪಾಲು ಚಿಕ್ಕದು ಮಾಡಿದ್ದಾರೆ ಅನ್ನುವುದೇ ಸ್ಕೇಲ್. 1/32 ಅಂದರೆ ಅಸಲಿ ಕಾರಿನ ಮೂವತ್ತೆರಡನೇ ಒಂದು ಭಾಗ. 32, 24 ಎಂಬ ಈ ವಿಚಿತ್ರ ಸಂಖ್ಯೆಗಳ ಹಿಂದೆ ಇರುವುದು ಅಡಿ ಮತ್ತು ಇಂಚು. ಒಂದು ಅಡಿಗೆ 12 ಇಂಚು. ಅಸಲಿಯ ಒಂದು ಅಡಿಯನ್ನು ಮಾದರಿಯಲ್ಲಿ ಅರ್ಧ ಇಂಚು ಮಾಡಿದರೆ 1/24 ಆಗುತ್ತದೆ. ಮುಕ್ಕಾಲರ ಅರ್ಧ, ಅಂದರೆ ಎಂಟರಲ್ಲಿ ಮೂರು ಇಂಚು ಮಾಡಿದರೆ 1/32. ಅದನ್ನೂ ಅರ್ಧ ಮಾಡಿದರೆ 1/64.

ನಾಲ್ಕೂವರೆ ಮೀಟರ್ ಉದ್ದದ ಕಾರನ್ನು ಲೆಕ್ಕಕ್ಕೆ ಹಿಡಿಯಿರಿ. 1/24ರಲ್ಲಿ ಅದು ಸುಮಾರು 19 ಸೆಂಟಿಮೀಟರ್, 1/32ರಲ್ಲಿ 14, 1/64ರಲ್ಲಿ 7. ಮೊದಲನೆಯದನ್ನು ಹಿಡಿಯಲು ಇಡೀ ಅಂಗೈ ಬೇಕು. ಕೊನೆಯದು ಮುಷ್ಟಿಯೊಳಗೆ ಮುಚ್ಚಿಹೋಗುತ್ತದೆ.

1912ರಿಂದ 1957ರವರೆಗೆ

ಕರೆಂಟಿನಿಂದ ಓಡುವ ರೇಸ್ ಕಾರಿನ ಆಟಿಕೆಯನ್ನು ಅಮೆರಿಕದ ಲಯನೆಲ್ ಕಂಪನಿ 1912ರಲ್ಲೇ ಮಾರುಕಟ್ಟೆಗೆ ತಂದಿತ್ತು. ಲಯನೆಲ್ ಆಟಿಕೆ ರೈಲುಗಳಿಗೆ ಹೆಸರಾದ ಕಂಪನಿ. ರೈಲು ಗೆದ್ದಿತು, ಕಾರು ಕೆಲವೇ ವರ್ಷ ಬಾಳಿತು.

ಆಮೇಲೆ ಬಹುಕಾಲ ದೊಡ್ಡದೇನೂ ಆಗಲಿಲ್ಲ. 1950ರ ದಶಕದ ನಡುವಿನಲ್ಲಿ ಇಂಗ್ಲೆಂಡಿನ ಸೌತ್‌ಪೋರ್ಟ್ ಊರಿನ ಮಾಡೆಲ್ ಎಂಜಿನಿಯರಿಂಗ್ ಸಂಘದವರು ಕೈಯಿಂದಲೇ ಕಾರು ಕಟ್ಟಿ, ಟ್ರ್ಯಾಕ್ ಕಟ್ಟಿ ಓಡಿಸತೊಡಗಿದರು. ಅವರದು ಹವ್ಯಾಸಿಗಳ ಕೆಲಸ. ಅದನ್ನು ಅಂಗಡಿಯಲ್ಲಿ ಕೊಳ್ಳುವ ಸಾಮಾನನ್ನಾಗಿ ಮಾಡಿದವರು ಫ್ರೆಡ್ ಫ್ರಾನ್ಸಿಸ್.

ಫ್ರಾನ್ಸಿಸ್ ಅವರ ಮಿನಿಮಾಡೆಲ್ಸ್ ಕಂಪನಿ 1952ರಿಂದ 'ಸ್ಕೇಲೆಕ್ಸ್' ಎಂಬ ಕೀಲಿ ಸ್ಪ್ರಿಂಗಿನ ತಗಡಿನ ಕಾರುಗಳನ್ನು ಮಾರುತ್ತಿತ್ತು. ಅವುಗಳಿಗೇ ಮೋಟಾರ್ ಕೂರಿಸಿ, ರಬ್ಬರ್ ಟ್ರ್ಯಾಕ್ ಮಾಡಿ, 1957ರ ಹ್ಯಾರೊಗೇಟ್ ಆಟಿಕೆ ಮೇಳದಲ್ಲಿ ತೋರಿಸಿದರು. ಸ್ಕೇಲೆಕ್ಸ್ ಮತ್ತು ಎಲೆಕ್ಟ್ರಿಕ್ ಎರಡೂ ಕೂಡಿ 'ಸ್ಕೇಲೆಕ್ಸ್‌ಟ್ರಿಕ್' ಆಯಿತು. ಮರುವರ್ಷವೇ ಕಂಪನಿಯನ್ನು ದೊಡ್ಡ ಆಟಿಕೆ ಸಂಸ್ಥೆಯಾದ ಲೈನ್ಸ್ ಬ್ರದರ್ಸ್‌ಗೆ ಮಾರಿದರು. ತಗಡಿನ ಜಾಗಕ್ಕೆ ಪ್ಲಾಸ್ಟಿಕ್ ಬಂತು. ಇಂಗ್ಲೆಂಡಿನ ಮನೆಮನೆಯಲ್ಲಿ ಸ್ಲಾಟ್ ಕಾರ್ ಎಂದರೆ 1/32 ಎಂದಾಯಿತು.

ಅಮೆರಿಕದಲ್ಲಿ ಎರಡು ದಾರಿ

ಅಮೆರಿಕದಲ್ಲಿ ಕಥೆ ಬೇರೆ. ಅಲ್ಲಿ ಒಂದು ದಾರಿ ಚಿಕ್ಕದರ ಕಡೆ ಹೋಯಿತು, ಇನ್ನೊಂದು ದೊಡ್ಡದರ ಕಡೆ.

ಚಿಕ್ಕ ದಾರಿ ಹಿಡಿದದ್ದು ಅರೋರಾ ಕಂಪನಿ. 1960ರಲ್ಲಿ ಅದು 'ಮಾಡೆಲ್ ಮೋಟರಿಂಗ್' ಎಂಬ ಪುಟ್ಟ ಕಾರುಗಳನ್ನು ತಂದಿತು. ಆಟಿಕೆ ರೈಲುಗಳಲ್ಲಿ ಎಚ್‌ಒ ಎಂಬ ಅಳತೆ ಆಗಲೇ ಜನಪ್ರಿಯವಾಗಿತ್ತು. ಅದು 1/87. ರೈಲು ಇದ್ದ ಮನೆಗಳಿಗೇ ಕಾರನ್ನೂ ಮಾರುವ ಉದ್ದೇಶದಿಂದ ಆ ಹೆಸರನ್ನೇ ಇಟ್ಟುಕೊಂಡರು. ಮೋಟಾರ್ ಹಿಡಿಸಬೇಕಲ್ಲ, ಹಾಗಾಗಿ ಕಾರುಗಳು ಅದಕ್ಕಿಂತ ದೊಡ್ಡವಾದವು. ಇಂದಿನ ಎಚ್‌ಒ ಕಾರುಗಳು 1/64ಕ್ಕೆ ಹತ್ತಿರ. ಆದರೂ ಹೆಸರು ಮಾತ್ರ ಹಾಗೇ ಉಳಿದಿದೆ. 1963ರಲ್ಲಿ ಬಂದ 'ಥಂಡರ್‌ಜೆಟ್ 500' ಎಂಬ ಚಪ್ಪಟೆ ಮೋಟಾರಿನ ಕಾರು ಭಾರಿ ಮಾರಾಟವಾಯಿತು. ನಾಲ್ಕಡಿ ಅಗಲ, ಎಂಟಡಿ ಉದ್ದದ ಒಂದು ಪ್ಲೈವುಡ್ ಹಲಗೆ ಸಿಕ್ಕರೆ ಸಾಕು, ಇಡೀ ಟ್ರ್ಯಾಕ್ ಅದರ ಮೇಲೆ ಕೂರುತ್ತಿತ್ತು.

ದೊಡ್ಡ ದಾರಿ 1/24ರದು. 1960ರ ದಶಕದ ನಡುವಿನಲ್ಲಿ ಅಮೆರಿಕದ ಊರೂರಲ್ಲಿ 'ರೇಸ್‌ವೇ' ಎಂಬ ಅಂಗಡಿಗಳು ತೆರೆದವು. ಒಳಗೆ ಮರದಲ್ಲಿ ಕಟ್ಟಿದ ಎಂಟು ಸಾಲಿನ ಭಾರಿ ಟ್ರ್ಯಾಕ್‌ಗಳು. 'ಕಿಂಗ್' ಎಂದು ಕರೆಯುವ ಟ್ರ್ಯಾಕಿನ ಒಂದು ಸುತ್ತು 155 ಅಡಿ. ಹುಡುಗರು ತಮ್ಮ ಕಾರು ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದು, ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಓಡಿಸುತ್ತಿದ್ದರು. ರೆವೆಲ್, ಮೊನೊಗ್ರಾಮ್, ಕಾಕ್ಸ್ ಮೊದಲಾದ ಕಂಪನಿಗಳು ಕಾರುಗಳನ್ನೂ ಬಿಡಿಭಾಗಗಳನ್ನೂ ಮಾಡಿ ಮಾರಿದವು.

ದೊಡ್ಡದು ಬಿದ್ದ ಬಗೆ

ನಮ್ಮ ಪ್ರಶ್ನೆಗೆ ಇತಿಹಾಸ ಕೊಡುವ ಉತ್ತರ ಸಿಗುವುದು ಇಲ್ಲಿಯೇ.

ಮನೆಯಲ್ಲಿ ಚಿಕ್ಕ ಕಾರು ಇಟ್ಟುಕೊಂಡಿದ್ದ ಹುಡುಗನಿಗೆ ಗೆಳೆಯರೆಲ್ಲ ರೇಸ್‌ವೇಗೆ ಹೋಗುವುದು ಕಾಣುತ್ತಿತ್ತು. ಅಲ್ಲಿಗೆ ಹೋಗಬೇಕಾದರೆ 1/24ರ ಕಾರೇ ಬೇಕು. ಮನೆಯ ಕಾರು ಆ ಸೀಳಿಗೆ ಹೊಂದುವುದೇ ಇಲ್ಲ. ಅಲ್ಲಿಗೆ ಹೋದ ಮೇಲೂ ಖರ್ಚು ನಿಲ್ಲಲಿಲ್ಲ. ಇವನ ಮೋಟಾರಿಗಿಂತ ಪಕ್ಕದವನ ಮೋಟಾರ್ ಜೋರು. ತಂತಿ ಬಿಚ್ಚಿ ಮತ್ತೆ ಸುತ್ತಿದ ಮೋಟಾರ್ ಅದಕ್ಕಿಂತಲೂ ಜೋರು. ವೇಗವೇ ಮುಖ್ಯವಾದಾಗ ಕಾರಿನ ರೂಪ ಹಿಂದೆ ಸರಿಯಿತು. ಅಸಲಿ ಫೆರಾರಿಯಂತೆಯೋ ಫೋರ್ಡ್‌ನಂತೆಯೋ ಕಾಣಬೇಕಿದ್ದ ಕಾರುಗಳು ಯಾವ ಕಾರಿನಂತೆಯೂ ಕಾಣದ ಚಪ್ಪಟೆ ಗೂಡುಗಳಾದವು. ಖರ್ಚು ಮಾಡಬಲ್ಲವರು ಗೆಲ್ಲುತ್ತಿದ್ದರು. ಹೊಸದಾಗಿ ಬಂದ ಹುಡುಗ ಸೋತು, ಮತ್ತೆ ಸೋತು, ಬರುವುದನ್ನೇ ಬಿಟ್ಟ.

1960ರ ದಶಕ ಮುಗಿಯುವ ಹೊತ್ತಿಗೆ ರೇಸ್‌ವೇಗಳು ಒಂದರ ಹಿಂದೆ ಒಂದು ಮುಚ್ಚಿಹೋದವು. ಆಗ 1/24ರ ಕಾರು ಇಟ್ಟುಕೊಂಡವರ ಸ್ಥಿತಿ ಏನಾಗಿರಬಹುದು ಯೋಚಿಸಿ. ಕಾರು ಚೆನ್ನಾಗಿದೆ, ಮೋಟಾರ್ ಓಡುತ್ತದೆ, ಓಡಿಸಲು ಟ್ರ್ಯಾಕ್ ಇಲ್ಲ. 155 ಅಡಿಯ ಟ್ರ್ಯಾಕನ್ನು ಮನೆಯಲ್ಲಿ ಹಾಸಲಾಗುತ್ತದೆಯೇ? ನಮ್ಮಲ್ಲಿ ಮೀಟರ್ ಗೇಜ್ ಹಳಿ ಕಿತ್ತು ಬ್ರಾಡ್ ಗೇಜ್ ಹಾಕಿದಾಗ ಹಳೆಯ ಬೋಗಿಗಳು ಹೊಸ ಹಳಿಯ ಮೇಲೆ ಓಡಲಿಲ್ಲ. ಇವರಿಗೆ ಹೊಸ ಹಳಿಯೂ ಬರಲಿಲ್ಲ.

ಪ್ಲೈವುಡ್ ಹಲಗೆಯ ಮೇಲಿನ ಚಿಕ್ಕ ಕಾರುಗಳಿಗೆ ಈ ಗತಿ ಬರಲಿಲ್ಲ. ಅರೋರಾ 1971ರಲ್ಲಿ ಎಎಫ್‌ಎಕ್ಸ್ ಎಂಬ ಹೊಸ ಕಾರುಗಳನ್ನು ತಂದಿತು. 1974ರಲ್ಲಿ ಮೋಟಾರಿನ ಆಯಸ್ಕಾಂತ ಟ್ರ್ಯಾಕಿನ ಲೋಹದ ಪಟ್ಟಿಯನ್ನು ಸೆಳೆದು ತಿರುವಿನಲ್ಲಿ ಕಾರನ್ನು ಹಿಡಿದುಕೊಳ್ಳುವ ಹಾಗೆ ಮಾಡಿತು. ಮುಂದೆ ಅರೋರಾ ಕಂಪನಿಯೇ ಹೋದರೂ ಎಎಫ್‌ಎಕ್ಸ್ ಹೆಸರು ಜಪಾನಿನ ಟೋಮಿ ಕಂಪನಿಯ ಕೈಗೆ ಬಂದು ಉಳಿಯಿತು. ಟ್ರ್ಯಾಕ್ ಮನೆಯಲ್ಲಿತ್ತು, ಆದ್ದರಿಂದ ಆಟವೂ ಉಳಿಯಿತು.

ಇಂಗ್ಲೆಂಡಿನ 1/32 ಕೂಡ ಹೀಗೆಯೇ ಬಾಳಿತು. 1971ರಲ್ಲಿ ಲೈನ್ಸ್ ಬ್ರದರ್ಸ್ ಕುಸಿಯಿತು. ಸ್ಕೇಲೆಕ್ಸ್‌ಟ್ರಿಕ್ ಕೈಯಿಂದ ಕೈಗೆ ಹೋಗಿ ಕೊನೆಗೆ ಹಾರ್ನ್‌ಬಿಯದಾಯಿತು. ಈ ನಡುವೆ ಟ್ರ್ಯಾಕಿನ ರೂಪವೂ ಬದಲಾಯಿತು: ಮೊದಲು ರಬ್ಬರ್, ಆಮೇಲೆ ಪ್ಲಾಸ್ಟಿಕ್, ಈ ಶತಮಾನದ ಆರಂಭದಲ್ಲಿ ನುಣುಪಾದ 'ಸ್ಪೋರ್ಟ್' ಟ್ರ್ಯಾಕ್. ಸ್ಪೋರ್ಟ್ ಟ್ರ್ಯಾಕಿನ ಕೊಂಡಿಯೇ ಬೇರೆ. ಆದರೆ ಹಳೆಯದಕ್ಕೂ ಹೊಸದಕ್ಕೂ ನಡುವೆ ಜೋಡಿಸುವ ತುಂಡನ್ನು ಕಂಪನಿಯೇ ಮಾರಿತು. ಮಾಲೀಕರು ಬದಲಾದರು, ಕೊಂಡಿ ಬದಲಾಯಿತು, ಅಳತೆ ಬದಲಾಗಲಿಲ್ಲ. ಅಪ್ಪನ ಕಾಲದ ಪೆಟ್ಟಿಗೆ ಮಗನ ಕಾಲಕ್ಕೂ ಉಪಯೋಗಕ್ಕೆ ಬಂತು.

ಇಂದಿನ ತೂಗುಯ್ಯಾಲೆ

ಇಂದು ಅಳತೆ ಬದಲಿಸಬೇಕೆಂದು ಯೋಚಿಸುವವರು ಸಾಮಾನ್ಯವಾಗಿ ಮೂರು ಕಾರಣಗಳಿಗೆ ಯೋಚಿಸುತ್ತಾರೆ.

ಒಂದು, ಜಾಗ. ಮನೆ ಚಿಕ್ಕದಾಯಿತು, ಅಥವಾ ಟ್ರ್ಯಾಕ್ ಹಾಸಿದ್ದ ಕೋಣೆ ಮಗುವಿಗೆ ಬೇಕಾಯಿತು. 1/32ರಿಂದ 1/64ಕ್ಕೆ ಇಳಿದರೆ ಉದ್ದವೂ ಅರ್ಧ, ಅಗಲವೂ ಅರ್ಧ. ಅಂದರೆ ಅದೇ ನಕ್ಷೆಯ ಟ್ರ್ಯಾಕಿಗೆ ಕಾಲು ಭಾಗದಷ್ಟು ಜಾಗ ಸಾಕು. ಇದು ಸಣ್ಣ ಲಾಭವಲ್ಲ.

ಎರಡು, ಕಣ್ಣು ಮತ್ತು ಕೈ. ವಯಸ್ಸಾದಂತೆ 7 ಸೆಂಟಿಮೀಟರ್ ಕಾರಿನ ಹಲ್ಲುಚಕ್ರ ಬಿಚ್ಚಿ ಜೋಡಿಸುವುದು ಕಷ್ಟ. ಅಂಥವರು ಚಿಕ್ಕದರಿಂದ ದೊಡ್ಡದಕ್ಕೆ ಹೋಗಲು ಬಯಸುತ್ತಾರೆ. ದೊಡ್ಡ ಕಾರಿನಲ್ಲಿ ಡ್ರೈವರನ ಮುಖವೂ ಬಾಗಿಲಿನ ಗೀಟೂ ಕಾಣುತ್ತವೆ ಅನ್ನುವುದು ಇನ್ನೊಂದು ಆಸೆ.

ಮೂರು, ಜೊತೆ. ಊರಿನ ಕ್ಲಬ್ಬಿನವರು ಬೇರೆ ಅಳತೆಯಲ್ಲಿ ಆಡುತ್ತಾರೆ.

ದೊಡ್ಡದಕ್ಕೆ ಹೋಗುವವರು ಮರೆಯಬಾರದ ಒಂದು ಲೆಕ್ಕವಿದೆ. ಸ್ಕೇಲೆಕ್ಸ್‌ಟ್ರಿಕ್ ಟ್ರ್ಯಾಕಿನಲ್ಲಿ ಒಂದು ಸೀಳಿಗೂ ಪಕ್ಕದ ಸೀಳಿಗೂ ನಡುವೆ 78 ಮಿಲಿಮೀಟರ್ ಅಂತರ. 190 ಸೆಂಟಿಮೀಟರ್ ಅಗಲದ ಅಸಲಿ ಕಾರು 1/32ರಲ್ಲಿ ಸುಮಾರು 59 ಮಿಲಿಮೀಟರ್ ಆಗುತ್ತದೆ, ಆರಾಮಾಗಿ ಹಿಡಿಸುತ್ತದೆ. ಅದೇ ಕಾರು 1/24ರಲ್ಲಿ 79 ಮಿಲಿಮೀಟರ್. ಎರಡು ಕಾರು ಅಕ್ಕಪಕ್ಕ ಬಂದರೆ ಒಂದಕ್ಕೊಂದು ಉಜ್ಜುತ್ತವೆ. ಜರ್ಮನಿಯ ಕರೇರಾ ಕಂಪನಿ ಈ ತೊಡಕನ್ನು ಬಿಡಿಸಿಕೊಂಡಿದೆ. ಅದರ ದೊಡ್ಡ ಟ್ರ್ಯಾಕ್ ಹೆಚ್ಚು ಅಗಲ, ಅದರ ಮೇಲೆ 1/32 ಮತ್ತು 1/24 ಎರಡೂ ಓಡುತ್ತವೆ. ಮರದ ಹಲಗೆಯಲ್ಲಿ ತಾವೇ ಸೀಳು ಕೊರೆದು ತಾಮ್ರದ ಪಟ್ಟಿ ಅಂಟಿಸಿಕೊಳ್ಳುವ ಹವ್ಯಾಸಿಗಳು ಕೂಡ ಮೊದಲೇ ಅಂತರ ಹೆಚ್ಚು ಬಿಟ್ಟು, ಎರಡೂ ಅಳತೆಗೆ ದಾರಿ ಇಟ್ಟುಕೊಳ್ಳುತ್ತಾರೆ.

ಯಾರ ಜೊತೆ ಆಡುವುದು?

ನಮಗೆ ತೋಚುವುದು ಇಷ್ಟು. ಮೂರು ಕಾರಣಗಳಲ್ಲಿ ಮೂರನೆಯದನ್ನು ಮೊದಲು ಕೇಳಿಕೊಳ್ಳಬೇಕು. ಜಾಗ ಕಡಿಮೆಯಿದ್ದರೆ ಟ್ರ್ಯಾಕನ್ನು ಬಿಚ್ಚಿ ಮಂಚದ ಕೆಳಗೆ ಇಡಬಹುದು. ಕಣ್ಣಿಗೆ ಕನ್ನಡಕ, ದೀಪ ಇದೆ. ಆದರೆ ಒಬ್ಬನೇ ಕೂತು ಖಾಲಿ ಟ್ರ್ಯಾಕಿನಲ್ಲಿ ಸುತ್ತು ಹಾಕಿಸುವ ಕಾರು ಹೆಚ್ಚು ದಿನ ಓಡುವುದಿಲ್ಲ. ಪಕ್ಕದ ಸೀಳಿನಲ್ಲಿ ಇನ್ನೊಂದು ಕಾರು ಇರಬೇಕು, ಅದರ ಕಂಟ್ರೋಲರ್ ಹಿಡಿದವರು ನಗಬೇಕು, ಬೈಯಬೇಕು, ಇನ್ನೊಂದು ಸುತ್ತು ಅನ್ನಬೇಕು.

1960ರ ದಶಕದ ಅಮೆರಿಕದ ಹುಡುಗರು ದೊಡ್ಡ ಅಳತೆಗೆ ಹೋದದ್ದು ತಪ್ಪಾಗಿರಲಿಲ್ಲ. ಗೆಳೆಯರು ಇದ್ದ ಕಡೆಗೇ ಅವರು ಹೋದರು. ಆದರೆ ಆಡುವ ಜಾಗ ಬೇರೆಯವರ ಕೈಯಲ್ಲಿತ್ತು. ಅಂಗಡಿಯವರು ಬಾಗಿಲು ಹಾಕಿದ ದಿನ ಕಾರು ಕೈಯಲ್ಲಿ ಉಳಿಯಿತು, ಆಟ ಹೋಯಿತು. 1/24ರ ಆಟ ಇಂದಿಗೂ ಪೂರ್ತಿ ಸತ್ತಿಲ್ಲ, ಅಮೆರಿಕ ಮತ್ತು ಯೂರೋಪಿನಲ್ಲಿ ಸ್ಪರ್ಧೆಗಳು ನಡೆಯುತ್ತವೆ. ಎಲ್ಲೆಲ್ಲಿ ಆಡುವವರೇ ಸೇರಿ ಟ್ರ್ಯಾಕ್ ಉಳಿಸಿಕೊಂಡರೋ ಅಲ್ಲೆಲ್ಲ ಅದು ಉಳಿದಿದೆ.

ಹಾಗಾಗಿ ಅಳತೆ ಬದಲಿಸಬೇಕೆನ್ನುವವರು ಹೊಸ ಕಾರಿನ ಬೆಲೆ ಕೇಳುವ ಮೊದಲು ಕ್ಲಬ್ಬಿಗೆ ಒಂದು ಸಂಜೆ ಹೋಗಿ, ಬೇರೆಯವರ ಕಾರು ಪಡೆದು ಓಡಿಸಿ ನೋಡುವುದು ಒಳ್ಳೆಯದು. ಅವರು ಮುಂದಿನ ವರ್ಷವೂ ಸೇರುತ್ತಾರೆಯೇ, ಟ್ರ್ಯಾಕ್ ಯಾರದು ಎಂದು ವಿಚಾರಿಸಬೇಕು. ಹಳೆಯ ಪೆಟ್ಟಿಗೆಯನ್ನು ಮಾತ್ರ ತಕ್ಷಣ ಮಾರಬಾರದು. ಅದೇ ಅಳತೆಯ ಪೆಟ್ಟಿಗೆ ಇಟ್ಟುಕೊಂಡು ಜೊತೆಗಾರರನ್ನು ಹುಡುಕುತ್ತಿರುವವರು ಪಕ್ಕದ ಬೀದಿಯಲ್ಲೇ ಇರಬಹುದು.